ಪರೀಕ್ಷೆ ದಿನಗಳಲ್ಲಿ ಮಕ್ಕಳನ್ನು ಮಲಗಿಸುವುದು ಹೇಗೆ?

ಮಗಳ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ಒಂದೂವರೆವರೆಗೆ ಓದಿಸಿದೆ. ಎರಡು ಸಲ ಕಾಫಿ ಮಾಡಿಕೊಟ್ಟವಳೂ ನಾನೇ. ಬೆಳಿಗ್ಗೆ ಗೊತ್ತಿದ್ದ ಲೆಕ್ಕದಲ್ಲೇ ಮೈನಸ್ ಚಿಹ್ನೆ ಬಿಟ್ಟು ಬಂದಳು. ಈ ವರ್ಷ ಮಗನ ಸರದಿ. ಬುದ್ಧಿ ಬಂದಿದೆ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಚಿಕ್ಕವರಿಗೆ ಇನ್ನೂ ಜಾಸ್ತಿ. ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದಕ್ಕೂ ನಿದ್ದೆ ಬೇಕು. ಹಾಗಾಗಿ ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಆರಕ್ಕೆ ಏಳಬೇಕಾದರೆ ಹತ್ತಕ್ಕೆ ಲೈಟ್ ಆರಬೇಕು. ಬೆಳಗಿನ ಜಾವದ ಓದೇ ಒಳ್ಳೆಯದು ಅಂತಾರೆ ನಮ್ಮತ್ತೆ. ಸರಿ, ನಾಲ್ಕಕ್ಕೆ ಎಬ್ಬಿಸೋಣ. ಆದರೆ ಎಂಟಕ್ಕೇ ಮಲಗಿಸಬೇಕು ಅಲ್ವಾ?

ಮಧ್ಯಾಹ್ನ ಮೂರರ ಮೇಲೆ ಕಾಫಿ, ಟೀ ಬಂದ್. ರಾತ್ರಿ ತಿಳಿಸಾರು ಅನ್ನ ಸಾಕು, ಬೋಂಡಾ ಬೇಡ. ಮಧ್ಯಾಹ್ನ ಕಣ್ಣು ಎಳೆದರೆ 20 ನಿಮಿಷ ಮಲಗಲಿ, ಸಂಜೆವರೆಗೆ ಅಲ್ಲ.

ಕಷ್ಟ ಇರುವುದು ಮೊಬೈಲಿನಲ್ಲಿ. 'ಅಮ್ಮಾ, ನೋಟ್ಸ್ ವಾಟ್ಸಾಪಲ್ಲಿದೆ' ಅಂತಾನೆ. ಅದನ್ನು ಸಂಜೆಯೇ ಹಾಳೆಗೆ ಬರೆದುಕೊಳ್ಳಲು ಹೇಳಿದ್ದೇನೆ. ಒಂಬತ್ತಕ್ಕೆ ಮೊಬೈಲು ಫ್ರಿಜ್ ಮೇಲೆ. ನಮ್ಮದೂ ಅಲ್ಲೇ, ಇಲ್ಲದಿದ್ದರೆ ಮಾತು ಕೇಳಲ್ಲ. ಆಮೇಲೆ ಹೊಸ ಪಾಠ ತೆಗೆಯುವಂತಿಲ್ಲ. ಹಾಲ್ ಟಿಕೆಟ್, ಎರಡು ಪೆನ್ನು, ಜಾಮಿಟ್ರಿ ಬಾಕ್ಸ್ ಚೀಲಕ್ಕೆ ಹಾಕಿಡುವುದಷ್ಟೇ ಕೆಲಸ. ಇದೊಂದರಿಂದಲೇ ಅರ್ಧ ದಿಗಿಲು ಇಳಿಯುತ್ತದೆ.

ಮಾರ್ಚ್ ಸೆಕೆಗೆ ಸ್ನಾನ ಮಾಡಿಸಿ, ಸೊಳ್ಳೆ ಪರದೆ ಕಟ್ಟಿ. ಟೀವಿ ಧಾರಾವಾಹಿಯ ಸದ್ದು ತಗ್ಗಿಸಿ. ನಮ್ಮತ್ತೆಯನ್ನು ಒಪ್ಪಿಸಲು ಮಾತ್ರ ಮೂರು ದಿನ ಹಿಡಿಯಿತು.