ಬ್ಯಾಸಗಿ ಬಿಸಲಾಗ ಮನಿ ಕೆಲಸ, ಹಿತ್ತಲ ಕೆಲಸ ಹೆಂಗ ತೂಗಿಸಬೇಕು: ಕಲಬುರಗಿ ಕಡೆ ಲೆಕ್ಕ

ಏಪ್ರಿಲ್ ಬಂತಂದ್ರ ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳು, ಅದರ ಜೋಡಿ ವಿಜಯಪುರ, ಬಾಗಲಕೋಟ, ಇಲ್ಲೆಲ್ಲಾ ಸರ್ಕಾರಿ ಆಫೀಸ್ ಟೈಮ್ ಬದಲಾಗ್ತದ ನೋಡ್ರಿ, ಮುಂಜಾನಿ 8ಕ್ಕ ಶುರು, ಮಧ್ಯಾಹ್ನ 1.30ಕ್ಕ ಬಂದ್. ಛಲೋ ಪದ್ಧತಿ. ಆದ್ರ ಮನ್ಯಾಗ ಭಾಂಡಿ ತಿಕ್ಕೋರಿಗೆ, ಅರಬಿ ಒಗಿಯೋರಿಗೆ, ಅಂಗಳ ಕಸ ಹೊಡಿಯೋರಿಗೆ ಯಾರೂ ಆರ್ಡರ್ ಹೊರಡಸಂಗಿಲ್ಲ, ಅವರು ಜನವರಿ ಟೈಮಿನಾಗೇ ಮೇ ತಿಂಗಳೂ ದೂಡ್ತಾರ, 12ಕ್ಕ ಮಾಳಿಗಿ ಮ್ಯಾಲ ಅರಬಿ ಹಾಕ್ಲಿಕ್ಕೆ ಹೋಗಿ ತಲಿ ಹಿಡ್ಕೊಂಡು ಕೆಳಗ ಬರ್ತಾರ. 42-43 ಡಿಗ್ರಿ ಇರೋ ಊರಾಗ ಇದು ನಡಿಯಂಗಿಲ್ಲ.

ನನ್ನ ಲೆಕ್ಕ ಇಷ್ಟ. ಮೈ ಬೆವರೋ ಕೆಲಸ, ಒಲಿ ಮುಂದಿನ ಕೆಲಸ ಎಲ್ಲಾ 9ರೊಳಗ ಮುಗಿಬೇಕು. 11ರಿಂದ 4ರ ತನಕ ಹೊರಗ ಯಾವ ಕೆಲಸನೂ ಇಲ್ಲ, ಅದು ಎಷ್ಟ ಸಣ್ಣದಿರ್ಲಿ. ಉಳಿದಿದ್ದು ಹೊತ್ತು ಮುಳುಗಿದ ಮ್ಯಾಲ. ಮಧ್ಯದಾಗ ಕೂತು ಮಾಡೋದು ಇದ್ರ ಮಾಡ್ರಿ, ಬೆಳ್ಳೊಳ್ಳಿ ಸುಲಿಯೋದು, ಅರಬಿ ಮಡಚೋದು, ಬ್ಯಾಳಿ ಆರಿಸೋದು, ಇಲ್ಲಂದ್ರ ಮಲಗ್ರಿ. ನಾಕು ಗಂಟೆಕ್ಕ ಎದ್ದವರಿಗೆ ಮಧ್ಯಾಹ್ನ ಮಲಗೋ ಹಕ್ಕು ಅದ, ಯಾರು ಏನರ ಅನ್ಲಿ.

ಮೊದಲು ನೀರಿನ ಮಾತು

ಟೈಮ್‌ಟೇಬಲ್ ಅಂತ ನಾವು ಎಷ್ಟ ಬರದ್ರೂ ಅದನ್ನ ನಡಸೋದು ನಳ. ನಳ ಬರೋ ದಿನ ಬ್ಯಾರೆ, ಬರಲಾರದ ದಿನ ಬ್ಯಾರೆ ಅಂತ ವಾರನ್ನೇ ಎರಡು ಭಾಗ ಮಾಡ್ಕೋರಿ. ನಳ ಬರೋ ದಿನ ಚಾದರ, ಕೌದಿ, ಪಡದೆ ಇಂಥ ದೊಡ್ಡ ಅರಬಿ, ನೆಲ ತೊಳಿಯೋದು, ಕೂಲರ್ ಟ್ಯಾಂಕ್ ತೊಳಿಯೋದು. ಉಳಿದ ದಿನ ದಿನದ ಅರಬಿ, ಒರೆಸೋದು ಅಷ್ಟ. ಕೌದಿ ಒಂದೇ ದಿನ ಎಲ್ಲಾ ತಗೀಬ್ಯಾಡ್ರಿ, ಒಂದು ಸರ್ತಿಗೆ ಒಂದ, ರಾತ್ರಿ ಸೋಪಿನ ನೀರಾಗ ನೆನಿಸಿಟ್ಟು ನಸುಕಿನ್ಯಾಗ ತುಳಿದ್ರ ಕೈಯಿಗೆ ಹಗುರ ಆಗ್ತದ, ನೆನದ ಕೌದಿ ಎತ್ತೋದಂತೂ ಇಬ್ಬರ ಕೆಲಸ.

ಮಾಳಿಗಿ ಮ್ಯಾಲಿನ ಕರಿ ಸಿಂಟೆಕ್ಸ್ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಇಡ್ಲಿಕ್ಕೆ ಬರಂಗಿಲ್ಲ, ಹಂಗಾಗಿ ಜಳಕಕ್ಕ, ಭಾಂಡಿಗೆ ಬೇಕಾದ ನೀರು ಮುಂಜಾನೇನೇ ಕೆಳಗ ಬ್ಯಾರಲ್‌ನ್ಯಾಗ, ಹಂಡೆದಾಗ ತುಂಬಿಟ್ಕೋರಿ. ತುಂಬಿಟ್ಟಿದ್ದಕ್ಕ ಮುಚ್ಚಳ ಬೇಕು. ಡೆಂಗ್ಯೂ ಸೊಳ್ಳಿ ಹುಟ್ಟೋದು ಇಂಥ ಸ್ವಚ್ಛ ನಿಂತ ನೀರಾಗೇ, ಮೊಟ್ಟಿಯಿಂದ ಸೊಳ್ಳಿ ಆಗಿ ಹಾರ್ಲಿಕ್ಕೆ ಅದಕ್ಕ ಹೆಚ್ಚು ಕಡಿಮಿ ಒಂದು ವಾರ ಹತ್ತು ದಿನ ಸಾಕು, ಅದಕ್ಕ ವಾರಕ್ಕ ಒಮ್ಮೆ ಎಲ್ಲಾ ಖಾಲಿ ಮಾಡಿ, ಒಳಗ ಬ್ರಷ್ ಹಚ್ಚಿ ತಿಕ್ಕಿ, ಒಣಗಿಸಿ ತುಂಬ್ರಿ. ಬರೇ ನೀರು ಚೆಲ್ಲಿದ್ರ ಸಾಲಂಗಿಲ್ಲ, ಮೊಟ್ಟಿ ಗ್ವಾಡಿಗೆ ಅಂಟ್ಕೊಂಡಿರ್ತಾವ.

ಅಂಗಳ, ಹಿತ್ತಲ, ಕುಂಡಿ ಗಿಡ

ಕಸ ಹೊಡಿಯೋದು ಬೆಳಗಾಗೋದ್ರೊಳಗ. ಬೇವಿನ ಗಿಡ ಇದ್ದವರಿಗೆ ಗೊತ್ತು, ಈಗ ಎಲಿ, ಆಮ್ಯಾಲ ಹೂವು, ಆಮ್ಯಾಲ ಹಣ್ಣು, ಮೂರು ತಿಂಗಳು ಮುಗಿಲಾರದ ಕಸ. ದಿನಾ ಎರಡು ಸರ್ತಿ ಹೊಡಿಯೋ ಹಟ ಬಿಡ್ರಿ, ಒಂದು ಸರ್ತಿ ಸಾಕು, ಆ ಎಲಿಗೆ ಬೆಂಕಿ ಹಚ್ಚೋದಂತೂ ಬ್ಯಾಡೇ ಬ್ಯಾಡ, ಒಣ ಗಾಳ್ಯಾಗ ಕಿಡಿ ಎಲ್ಲಿ ಹಾರ್ತದೋ ಹೇಳ್ಲಿಕ್ಕೆ ಬರಂಗಿಲ್ಲ. ಅದನ್ನೇ ಗಿಡದ ಬುಡಕ್ಕ ನಾಕು ಬೆರಳು ದಪ್ಪ ಹಾಕ್ರಿ, ಕಾಂಡಕ್ಕ ತಾಗಲಾರದಂಗ ಜರಾ ಜಾಗ ಬಿಟ್ಟು. ಕಬ್ಬಿನ ರವದಿ ಸಿಕ್ಕ್ರ ಅದೂ ಆತು. ಮಣ್ಣು ಬಿಸಲಿಗೆ ಬಿಚ್ಚಿ ಬಿದ್ದಿರಲಾರದಂಗ ಮುಚ್ಚಿದ್ರ ನೀರು ಹಾಕೋ ಕೆಲಸ ಅರ್ಧಕ್ಕ ಅರ್ಧ ಇಳಿತದ.

ನೀರು ಹಾಕೋದು ಮುಂಜಾನಿ 7ರೊಳಗ, ಇಲ್ಲಾ ಸಂಜಿ ಬಿಸಲು ಪೂರ್ತಿ ಇಳಿದ ಮ್ಯಾಲ. ಸಂಜಿಗೆ ಪೈಪ್ ಹಿಡಿಯೋರು ಮೊದಲು ಪೈಪಿನಾಗಿನ ನೀರು ಬಕೀಟಿಗೆ ಬಿಡ್ರಿ, ದಿನಾ ಪೂರ್ತಿ ಬಿಸಲಾಗ ಬಿದ್ದ ಪೈಪಿನೊಳಗಿನ ನೀರು ಬೇರು ಸುಡ್ತದ. ಮಧ್ಯಾಹ್ನ ಎಲಿ ಬಾಡಿದ್ದು ಕಂಡ ಕೂಡ್ಲೆ ತಂಬಿಗಿ ಹಿಡ್ಕೊಂಡು ಓಡಬ್ಯಾಡ್ರಿ, ಬಾಳಷ್ಟು ಗಿಡ ಝಳಕ್ಕ ಎಲಿ ಇಳಿಬಿಟ್ಟು ಸಂಜಿಗೆ ತಾವೇ ಏಳ್ತಾವ, ಬೆರಳು ಎರಡಿಂಚು ಮಣ್ಣಾಗ ಚುಚ್ಚಿ ನೋಡ್ರಿ, ಹಸಿ ಇದ್ರ ಸುಮ್ನ ಬಿಡ್ರಿ. ಸಂಜಿಗೂ ಏಳಲಿಲ್ಲಂದ್ರ ಅದಕ್ಕ ಖರೇ ನೀರು ಬೇಕು.

ಕುಂಡಿ ಗಿಡಗಳನ್ನ ಫರಸಿ ಮ್ಯಾಲ ನೇರ ಇಡಬಾರದು. ಶಹಾಬಾದ್ ಕಲ್ಲು ಸಂಜಿ 7ಕ್ಕೂ ಬಿಸಿ ಇರ್ತದ, ಕೆಳಗ ಎರಡು ಇಟ್ಟಂಗಿ ಕೊಡ್ರಿ, ಎಲ್ಲಾ ಕುಂಡಿ ಒಂದೇ ಕಡೆ ಒತ್ತಿ ಇಡ್ರಿ, ಪಶ್ಚಿಮ ಬಿಸಲು ತಾಗಲಾರದಂಗ. ಮಲ್ಲಿಗಿ, ಕರಿಬೇವು ಬಿಸಲು ತಡಿತಾವ, ಬುಡಕ್ಕ ನೀರು ಇದ್ರ ಸಾಕು, ಮಲ್ಲಿಗಿ ಹೂ ಬಿಡೋ ಕಾಲನೂ ಇದೇ. ತುಳಸಿಗೆ, ಸಣ್ಣ ಸಸಿಗೆ 50 ಪರ್ಸೆಂಟ್ ನೆಳ್ಳು ಕೊಡೋ ಹಸಿರು ನೆಟ್ ಕಟ್ರಿ, ನೆಟ್ ಇಲ್ಲಂದ್ರ ಹಳೇ ತೆಳ್ಳನ ಸೀರಿ. ಗೊಬ್ಬರ, ಯೂರಿಯಾ ಏಪ್ರಿಲ್-ಮೇದಾಗ ಬ್ಯಾಡ, ಟೊಂಗಿ ಕತ್ತರಿಸೋದೂ ಬ್ಯಾಡ, ಎಲ್ಲಾ ಮಳಿ ಬಂದ ಮ್ಯಾಲ.

ಊರಿಗೆ ಹೋಗೋದಿದ್ರ ಹಳೇ ಉಪಾಯ ಒಂದದ. ಬಣ್ಣ ಹಚ್ಚಲಾರದ ಮಣ್ಣಿನ ಗಡಿಗಿ ಗಿಡದ ಬಾಜೂ ಕುತ್ತಿಗಿತನಕ ಹೂತು, ನೀರು ತುಂಬಿ, ಬಾಯಿ ಮುಚ್ಚಿ ಹೋಗ್ರಿ, ಜಿನುಗಿ ಜಿನುಗಿ ಬೇರಿಗೆ ಸಿಗ್ತದ. ಅಕ್ಕಿ ತೊಳದ ನೀರು, ಕಾಯಿಪಲ್ಲೆ ತೊಳದ ನೀರು ಎಲ್ಲಾ ಗಿಡಕ್ಕ ಹಾಕ್ರಿ. ಆದ್ರ ಕೂಲರ್‌ನಿಂದ ಖಾಲಿ ಮಾಡಿದ ನೀರು ಕುಂಡಿಗೆ ಬ್ಯಾಡ, ನೀರು ಆವಿ ಆಗಿ ಹೋಗಿ ಉಪ್ಪಿನಂಶ ಎಲ್ಲಾ ಅದರಾಗೇ ಉಳಿದಿರ್ತದ, ಅದು ಅಂಗಳ ತೊಳಿಲಿಕ್ಕೆ ಛಲೋ.

ಇನ್ನೊಂದು, ಕಟಿಗಿ ರಾಶಿ, ಕಲ್ಲಿನ ರಾಶಿ, ಹಳೇ ಗೋಣಿ ಚೀಲ ಸರಸೋ ಕೆಲಸ. ಚೇಳು, ಹಾವು ಈ ಕಾಲದಾಗ ತಂಪ ಹುಡ್ಕೊಂಡು ಇದರ ಕೆಳಗೇ ಕೂತಿರ್ತಾವ, ಗಡಿಗಿ ಹಿಂದ, ಜಳಕದ ಮನಿ ಮೂಲ್ಯಾಗನೂ. ಬರಿಗೈಲೆ ಎತ್ತಬ್ಯಾಡ್ರಿ, ಉದ್ದ ಕೋಲಿಲೆ ಮೊದಲು ಸರಸ್ರಿ, ಸಂಜಿ ಮ್ಯಾಲ ಹಿತ್ತಲಕ್ಕ ಹೋಗೋರು ಚಪ್ಲಿ, ಬ್ಯಾಟರಿ ಬಿಡಬ್ಯಾಡ್ರಿ. ಕಚ್ಚಿದ್ರ ಮಂತ್ರ ಗಿಂತ್ರ ಇಲ್ಲ, ಸೀದಾ ದವಾಖಾನಿ.

ಅಡಗಿ ಮನಿ

ಬ್ಯಾಸಗ್ಯಾಗ ಮನ್ಯಾಗ ಎಲ್ಲಕ್ಕಿಂತ ಬಿಸಿ ಜಾಗ ಇದು, ಎಲ್ಲರಿಗಿಂತ ಹೆಚ್ಚು ಹೊತ್ತು ಅಲ್ಲೇ ನಿಲ್ಲೋರು ಹೆಣ್ಣಮಕ್ಕಳು, ಹೊರಗ ಫ್ಯಾನ್ ಕೆಳಗ ಕೂತು ಬಿಸಿ ರೊಟ್ಟಿ ಬೇಕು ಅನ್ನೋರು ಒಂದು ದಿನ ಹಂಚಿನ ಮುಂದ ನಿಂತು ನೋಡ್ರಿ. ಖಡಕ್ ರೊಟ್ಟಿ ನಮ್ಮ ಹಿರ್ಯಾರು ಸುಮ್ನ ಕಂಡ್ಕೊಂಡಿಲ್ಲ, ವಾರಕ್ಕ ಒಂದು ದಿನ ನಸುಕಿನ್ಯಾಗ ಇಬ್ಬರು ಕೂಡಿ ಬಡದು, ಒಣಗಿಸಿ, ಅರಬಿದಾಗ ಸುತ್ತಿ ಇಟ್ರ ದಿನಾ ಒಲಿ ಹಚ್ಚೋದು ಬ್ಯಾಳಿ, ಅನ್ನಕ್ಕಷ್ಟ. ಅದರ ಜೋಡಿ ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ, ಮುಗೀತು ಮಧ್ಯಾಹ್ನದ ಊಟ. ರಾತ್ರಿಗೆ ಅಂಬಲಿ, ಮಜ್ಜಿಗಿ.

ಕುಕ್ಕರ್ ಮುಂಜಾನೇನೇ ಎರಡು ಹೊತ್ತಿಗೆ ಕೂಗಿಸ್ಕೊಂಡ್ರ ರಾತ್ರಿದ್ದು ಆರಿದ ಕೂಡ್ಲೆ ಫ್ರಿಡ್ಜಿಗೆ ಹೋಗ್ಬೇಕು, ಹೊರಗ ಒಂದು ತಾಸಿಗಿಂತ ಹೆಚ್ಚು ಬಿಡಬಾರದು, ಈ ಬಿಸಲಾಗ ಅನ್ನ, ಸಾರು ಹಳಸಲಿಕ್ಕೆ ಟೈಮ್ ಹತ್ತಂಗಿಲ್ಲ. ದೋಸಿ ಹಿಟ್ಟು ಇಡೀ ರಾತ್ರಿ ಹೊರಗ ಇಡೋದು ಡಿಸೆಂಬರಿನ ಮಾತು, ಈಗ ತಣ್ಣೀರು ಹಾಕಿ ರುಬ್ಬಿ ನಾಕೈದು ತಾಸು ಬಿಟ್ಟು ಒಳಗ ಇಡ್ರಿ. ಹಾಲು ಬಂದ ಕೂಡ್ಲೆ ಕಾಯಿಸ್ರಿ. ಫ್ರಿಡ್ಜ್ ಗ್ವಾಡಿಗೆ ಹಚ್ಚಿ ಇಟ್ಟಿದ್ರ ಗೇಣು ಮುಂದ ಜಗ್ರಿ, ಹಿಂದಿನ ಧೂಳು ಹೊಡೀರಿ, ಅದೂ ಉಸಿರಾಡ್ಬೇಕಲ್ಲ.

ಬಿಸಲಿನ ಫಾಯ್ದೆ ತಗೋಳೋ ಕೆಲಸ

ಎಲ್ಲಾ ಬಿಸಲಿಗೆ ಬೈಯೋದೇ ಆತು, ಖರೇ ಅಂದ್ರ ವರ್ಷದ ಸಂಡಿಗಿ, ಹಪ್ಪಳ, ಶಾವಿಗಿ, ಖಾರಪುಡಿ ಎಲ್ಲಾ ಇದೇ ಎರಡು ತಿಂಗಳಿನ ಪುಣ್ಯ. ಇಲ್ಲಿ ಗುಟ್ಟು ಏನಂದ್ರ ಒಣಗೋದು ಬಿಸಲಾಗ, ನಾವು ಬಿಸಲಾಗ ಇರಬಾರದು. ಸಂಡಿಗಿ ಹಿಟ್ಟು 5ಕ್ಕ ಕುದಿಸಿ 7ರೊಳಗ ಮಾಳಿಗಿ ಮ್ಯಾಲ ಇಟ್ಟು, ಮ್ಯಾಲ ತೆಳ್ಳನ ಅರಬಿ ಹೊದಿಸಿ, ನಾಕು ಮೂಲಿಗೆ ಕಲ್ಲು ಹೇರಿ ಇಳದು ಬಂದುಬಿಡ್ರಿ. ಸಂಜಿ 6ಕ್ಕ ಹೋಗಿ ತಗೊಂಡು ಬರ್ರಿ. ಮಧ್ಯಾಹ್ನ ತಿರುವಿ ಹಾಕ್ಲಿಕ್ಕೆ ಯಾರೂ ಹತ್ತಬಾರದು, ಹುಡುಗ್ರನ್ನ ಕಾಗಿ ಕಾಯ್ಲಿಕ್ಕೆ ಕೂಡ್ಸೋದಂತೂ ಬ್ಯಾಡ, ಆ ಹೊತ್ತಿಗೆ ಮಾಳಿಗಿ ರೊಟ್ಟಿ ಹಂಚಿನಂಗ ಕಾದಿರ್ತದ. ಉದ್ದಿನ ಹಪ್ಪಳ ಸೀದಾ ಬಿಸಲಿಗೆ ಒಡ್ಡಿದ್ರ ಸುರುಟ್ಕೊಂಡು ಸೀಳ್ತಾವ, ಮೊದಲು ನೆಳ್ಳಾಗ ಒಣಗಿಸಿ ಕಡೀಕ ಜರಾ ಬಿಸಲು ತೋರಸ್ರಿ ಸಾಕು.

ಮೆಣಸಿನಕಾಯಿ ತುಂಬು ಪಟ್ ಅಂತ ಮುರಿಯೋತನಕ ಒಣಗ್ಬೇಕು, ಇಲ್ಲಂದ್ರ ಖಾರಪುಡಿ ಮಳಿಗಾಲದಾಗ ಗಂಟು ಕಟ್ತದ. ನಮ್ಮ ತೊಗರಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಇದೇ ಸೀಮಿ ಬೆಳಿ ಅನ್ನೋ ಸರ್ಕಾರಿ ಗುರುತು, ಸಿಕ್ಕದ, ಆದ್ರ ಹುಳಕ್ಕ ಟ್ಯಾಗ್ ಗೀಗ್ ಗೊತ್ತಾಗಂಗಿಲ್ಲ, ವರ್ಷದ ಬ್ಯಾಳಿ, ಜ್ವಾಳ ಎರಡು ಮೂರು ದಿನ ಬಿಸಲಿಗೆ ಹಾಕ್ರಿ, ಹಾಕಿ ಪೂರ್ತಿ ಆರಿದ ಮ್ಯಾಲೇ ಡಬ್ಬಿಗೆ ತುಂಬ್ರಿ. ಬಿಸಿ ಬಿಸಿ ತುಂಬಿ ಮುಚ್ಚಿದ್ರ ಒಳಗ ಬೆವತು ಬೂಸ್ಟು ಬರ್ತದ.

ದಿನದ ಅರಬಿ ಒಂದೇ ತಾಸಿಗೆ ಒಣಗ್ತಾವ, ಬಣ್ಣದವು ಒಳಮೈ ಹೊರಗ ಮಾಡಿ ನೆಳ್ಳಾಗ ಹಾಕ್ರಿ. ರಾತ್ರಿ ಒಗದು ರಾತ್ರಿನೇ ಹಾಕಿದ್ರೂ ಬೆಳಗಾಗೋದ್ರೊಳಗ ಒಣಗಿರ್ತಾವ, ರಾತ್ರಿ ಅರಬಿ ಹೊರಗ ಹಾಕಬಾರದು ಅನ್ನೋ ಹಿರ್ಯಾರಿಗೆ ನೀವೇ ಒಪ್ಪಸ್ಕೋರಿ.

ಮನಿ ತಂಪ ಇಡೋದೂ ಒಂದು ಕೆಲಸನೇ

ಕಿಡಕಿ ಮುಂಜಾನಿ 8-9ಕ್ಕ ಬಂದ್, ಪಡದೆ ಎಳೀರಿ, ಹೊತ್ತು ಮುಳುಗಿದ ಮ್ಯಾಲ ಎಲ್ಲಾ ತಗೀರಿ. ದಿನಾ ಪೂರ್ತಿ ತಗದಿಟ್ಟು ಗಾಳಿ ಬರ್ಲಿ ಅನ್ನೋದು ಕರಾವಳಿ ಲೆಕ್ಕ, ಇಲ್ಲಿ ಬರೋದು ಝಳ. ಆದ್ರ ಕೂಲರ್ ಹಚ್ಚಿದಾಗ ಎದುರಿನ ಕಿಡಕಿ ಜರಾ ತಗದಿರಬೇಕು, ಹಸಿ ಗಾಳಿ ಹೊರಗ ಹೋಗ್ಲಿಕ್ಕೆ ಹಾದಿ ಇಲ್ಲಂದ್ರ ಮನಿ ತುಂಬ ಚಿಟಿಚಿಟಿ. ಮಂಗಳೂರಾಗ ಕೂಲರ್ ಕೆಲಸ ಮಾಡಂಗಿಲ್ಲ, ಅಲ್ಲಿ ಗಾಳಿನೇ ಹಸಿ, ನಮ್ಮ ಒಣ ಬಿಸಲಿಗೆ ಅದು ಹೇಳಿ ಮಾಡಿಸಿದ್ದು. ಕೂಲರಿನ ಹುಲ್ಲು ಪ್ರತಿ ವರ್ಷ ಬದಲಿಸ್ರಿ. ಟ್ಯಾಂಕಿನ್ಯಾಗ ಕೈ ಹಾಕೋಕ್ಕಿಂತ ಮೊದಲು ಸ್ವಿಚ್ ಬಂದ್ ಮಾಡೋದಲ್ಲ, ಪ್ಲಗ್ಗೇ ಕೀಳ್ರಿ. ಕಬ್ಬಿಣದ ಕೂಲರ್, ಹಸಿ ಕೈ, ಬರಿಗಾಲು, ಅರ್ಥಿಂಗ್ ಇಲ್ಲದ ಮನಿ, ಇವು ಕೂಡಿದ್ರ ಜೀವ ಹೋಗ್ತದ.

ಮಾಳಿಗಿಗೆ ಸುಣ್ಣ ಬಳಿಯೋದು ಮಾರ್ಚಿನ್ಯಾಗೇ ಮುಗಿಸ್ರಿ. ಸುಣ್ಣ ಹಿಂದಿನ ದಿನ ನೆನಿಸಿ, ಸೋಸಿ, ಜರಾ ಫೆವಿಕಾಲ್ ಕಲಿಸಿ ಎರಡು ಕೋಟ್, ಎರಡೂ ಸಂಜಿ ಹೊತ್ತಿನ್ಯಾಗ. ಕೆಳಗಿನ ಖೋಲಿ ಎರಡ್ಮೂರು ಡಿಗ್ರಿ ತಂಪ ಆಗ್ತದ. ಕಣ್ಣಿಗೆ ಚಷ್ಮಾ, ಕೈಗೆ ಗ್ಲೌಸ್ ಹಾಕ್ಕೋರಿ, ಸುಣ್ಣ ಕಣ್ಣಾಗ ಬಿದ್ರ ಸಣ್ಣ ಮಾತಲ್ಲ.

ಕರೆಂಟಿನ ಲೆಕ್ಕನೂ ಇಟ್ಕೋರಿ. 180 ವ್ಯಾಟಿನ ಕೂಲರ್ ದಿನಕ್ಕ 10 ತಾಸು ಹಚ್ಚಿದ್ರ ತಿಂಗಳಿಗೆ 54 ಯೂನಿಟ್. ಒಂದೂವರಿ ಟನ್ ಎಸಿ ತಾಸಿಗೆ ಒಂದರಿಂದ ಒಂದೂವರಿ ಯೂನಿಟ್ ಎಳಿತದ, ಗೃಹಜ್ಯೋತಿ ಇದ್ದವರು 200 ದಾಟಿದ್ರ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು, ಮೀಟರ್ ವಾರಕ್ಕ ಒಮ್ಮೆ ನೋಡ್ಕೋರಿ. ಇನ್ವರ್ಟರ್ ಬ್ಯಾಟರಿ ನೀರು ತಿಂಗಳಿಗೆ ಒಮ್ಮೆ ನೋಡ್ರಿ, ಡಿಸ್ಟಿಲ್ಡ್ ವಾಟರ್ ಮಾತ್ರ.

ಕೆಲಸ ಮಾಡೋರ ಮೈ

ನೀರಡಿಕಿ ಆಗೋತನಕ ಕಾಯಬ್ಯಾಡ್ರಿ, ಅರ್ಧ ತಾಸಿಗೊಮ್ಮೆ ಒಂದು ಗ್ಲಾಸ್. ತಲಿಗೆ ಹಸಿ ಟಾವೆಲ್, ಮೈಮ್ಯಾಲ ಸಡಿಲ ಕಾಟನ್. ಬೆವರು ಹೆಚ್ಚಾದ್ರ ಬರೇ ನೀರು ಸಾಲಂಗಿಲ್ಲ, ಉಪ್ಪು ಹಾಕಿದ ಮಜ್ಜಿಗಿ ಕುಡೀರಿ, ಸುಸ್ತು, ವಾಂತಿ ಆದ್ರ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಮಟ್ಟಸ ಇರ್ಲಿ, ಗುಡ್ಡಿ ಹಾಕಬ್ಯಾಡ್ರಿ. ಬಿಪಿ, ಕಿಡ್ನಿ ತ್ರಾಸ ಇದ್ದವರು ಎಷ್ಟ ನೀರು, ಎಷ್ಟ ಉಪ್ಪು ಅಂತ ಡಾಕ್ಟರಿಗೆ ಕೇಳ್ಕೋರಿ.

ಮನಿ ಕೆಲಸಕ್ಕ ಬರೋ ಅಕ್ಕಾರಿಗೂ ಟೈಮ್ ಬದಲಿಸ್ರಿ. ನಾವು ಒಳಗ ಕೂಲರ್ ಹಚ್ಕೊಂಡು ಅವರು 12ಕ್ಕ ಬಂದು ಹೊರಗಿನ ಫರಸಿ ಮ್ಯಾಲ ಕೂತು ಭಾಂಡಿ ತಿಕ್ಕೋದು ಛಂದ ಅಲ್ಲ. ಮುಂಜಾನಿ 7ಕ್ಕ ಬರ್ಲಿ, ಇಲ್ಲಾ ಸಂಜಿ ಒಂದೇ ಸರ್ತಿ ಬರ್ಲಿ, ಅವರ ಉಳಿದ ಮನಿಗಳ ಟೈಮೂ ಕೇಳಿ ಹೊಂದಿಸ್ರಿ, ಸಾಧ್ಯ ಆದ್ರ ಆಜೂಬಾಜೂ ನಾಕು ಮನಿಯವರು ಕೂಡಿ ಮಾತಾಡ್ರಿ. ಪಗಾರ ಕಡಿಬ್ಯಾಡ್ರಿ.

ಯಾರರ ಕೆಲಸ ಮಾಡ್ತಾ ಮಾಡ್ತಾ ತಲಿನೋವು, ತಲಿ ಸುತ್ತು, ಕಾಲು ಸೆಳೆತ ಅಂದ್ರ ಅಲ್ಲಿಗೇ ಕೆಲಸ ಬಂದ್, ನೆಳ್ಳಿಗೆ ಕರಕೊಂಡು ಬರ್ರಿ. ಮಾತು ತೊದಲೋದು, ಏನೇನೋ ಬಡಬಡಸೋದು, ಮೈ ಕೆಂಡ ಆಗೋದು ಕಂಡ್ರ ಅದು ಬಿಸಲು ಹೊಡತ, ಬೆವರು ಬರ್ಲಿ ಬಿಡ್ಲಿ ತಡ ಮಾಡಬ್ಯಾಡ್ರಿ, 108ಕ್ಕ ಫೋನ್ ಹಚ್ಚಿ, ಆಂಬ್ಯುಲೆನ್ಸ್ ಬರೋತನಕ ಮೈಮ್ಯಾಲ ನೀರು ಸುರೀರಿ, ಗಾಳಿ ಹಾಕ್ರಿ, ಕುತ್ತಿಗಿ, ಕಂಕುಳ, ತೊಡಿ ಸಂದ್ಯಾಗ ಹಸಿ ಅರಬಿ ಇಡ್ರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬ್ಯಾಡ್ರಿ.