ಉಪಗ್ರಹದ ಐಡಿಯಾವನ್ನು ಮೊದಲ ರಿವ್ಯೂಗೆ ಒಯ್ಯುವ ಮುನ್ನ

ಹೊಸ ಮಿಷನ್ ಐಡಿಯಾ ಹಿಡಿದು ಮೊದಲ ಸಲ ರಿವ್ಯೂ ಬೋರ್ಡ್ ಮುಂದೆ ನಿಲ್ಲುವ ತಂಡಗಳು ಸಾಮಾನ್ಯವಾಗಿ ಉಪಗ್ರಹದ ಚಿತ್ರದಿಂದಲೇ ಶುರು ಮಾಡುತ್ತವೆ. ಸೋಲಾರ್ ಪ್ಯಾನೆಲ್ ಇಷ್ಟು, ಕ್ಯಾಮೆರಾ ಇಲ್ಲಿ, ಆಂಟೆನಾ ಅಲ್ಲಿ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೋರ್ಡಿನವರೊಬ್ಬರು ಕೇಳುತ್ತಾರೆ: "ಈ ಗಾತ್ರವೇ ಯಾಕೆ?" ಅಲ್ಲಿಂದ ಮುಂದೆ ಮಾತು ಹಳಿ ತಪ್ಪುತ್ತದೆ, ಯಾಕೆಂದರೆ ಆ "ಯಾಕೆ"ಗೆ ಉತ್ತರ ಯಾವ ಸ್ಲೈಡಿನಲ್ಲೂ ಇರುವುದಿಲ್ಲ.

ಈ ಹಂತದಲ್ಲಿ ಬೋರ್ಡ್ ನಿಮ್ಮ ಉಪಗ್ರಹಕ್ಕೆ ಒಪ್ಪಿಗೆ ಕೊಡುತ್ತಿಲ್ಲ. ಮುಂದಿನ ಹಂತದ ಅಧ್ಯಯನಕ್ಕೆ ದುಡ್ಡು ಮತ್ತು ಜನ ಕೊಡಬಹುದೇ ಅಂತ ಮಾತ್ರ ನೋಡುತ್ತಿದೆ. ನಾಸಾದಲ್ಲಿ ಇದನ್ನು ಪ್ರೀ-ಫೇಸ್ ಎ ಅನ್ನುತ್ತಾರೆ, ಅದರ ಕೊನೆಗೆ ಮಿಷನ್ ಕಾನ್ಸೆಪ್ಟ್ ರಿವ್ಯೂ ಬರುತ್ತದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಸಾದಲ್ಲಿ ಇದು ಫೇಸ್ 0, ಕೊನೆಗೆ ಮಿಷನ್ ಡೆಫಿನಿಷನ್ ರಿವ್ಯೂ. ಹೆಸರು ಏನೇ ಇರಲಿ, ಕೇಳುವುದು ಮೂರೇ. ಈ ಕೆಲಸ ಮಾಡುವಷ್ಟು ಮುಖ್ಯವಾ? ಆಗುವ ಕೆಲಸವಾ? ಬೇರೆ ದಾರಿಗಳನ್ನು ನಿಜವಾಗಿ ನೋಡಿದ್ದೀರಾ?

ಮೊದಲು ಗುರಿ

ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಆದರೆ ಆ ವಾಕ್ಯದಲ್ಲಿ "ಉಪಗ್ರಹ" ಅನ್ನುವ ಪದ ಇರಬಾರದು. ಸುಲಭ ಅನ್ನಿಸುತ್ತದೆ, ಕೂತು ಬರೆದಾಗ ಕಷ್ಟ ಗೊತ್ತಾಗುತ್ತದೆ. "ಥರ್ಮಲ್ ಕ್ಯಾಮೆರಾ ಇರುವ ಸಣ್ಣ ಉಪಗ್ರಹ ಹಾರಿಸುವುದು" ಗುರಿ ಅಲ್ಲ. "ಕಾಡಿನ ಬೆಂಕಿ ಸಣ್ಣದಿದ್ದಾಗಲೇ ಕಂಡುಹಿಡಿದು ಒಂದು ಗಂಟೆಯೊಳಗೆ ಅಗ್ನಿಶಾಮಕ ತಂಡಕ್ಕೆ ತಿಳಿಸುವುದು" ಅನ್ನುವುದು ಗುರಿ.

ಇನ್ನು ಆ ಗುರಿಯಿಂದ ಒಂದು ಕೋಷ್ಟಕ ಎಳೆಯಿರಿ. ಎಡಗಡೆ ಗುರಿ, ಆಮೇಲೆ ಅಳೆಯಬೇಕಾದದ್ದೇನು, ಎಷ್ಟು ನಿಖರವಾಗಿ, ಎಷ್ಟು ಹೊತ್ತಿಗೊಮ್ಮೆ, ಅದಕ್ಕೆ ಯಾವ ಉಪಕರಣ, ಕೊನೆಗೆ ಕಕ್ಷೆ, ಪಾಯಿಂಟಿಂಗ್ (ಉಪಗ್ರಹವನ್ನು ಎಷ್ಟು ಕರಾರುವಾಕ್ಕಾಗಿ ಗುರಿಯತ್ತ ತಿರುಗಿಸಿಡಬೇಕು ಅನ್ನುವುದು), ಡೇಟಾ. ವಿಜ್ಞಾನದ ಮಿಷನ್‌ಗಳಲ್ಲಿ ಇದನ್ನು ಸೈನ್ಸ್ ಟ್ರೇಸಬಿಲಿಟಿ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಎಲ್ಲರೂ ಇದನ್ನು ಎಡದಿಂದ ಬಲಕ್ಕೆ ತುಂಬುತ್ತಾರೆ. ತುಂಬಿದ ಮೇಲೆ ಬಲದಿಂದ ಎಡಕ್ಕೆ ಓದಿ ನೋಡಿ. ಪಾಯಿಂಟಿಂಗ್ ಇಷ್ಟು ಬಿಗಿ ಯಾಕೆ ಬೇಕು ಅಂತ ಕೇಳಿದರೆ ಬೆರಳು ಹಿಂದಕ್ಕೆ ಸರಿಯುತ್ತಾ ಗುರಿಯವರೆಗೆ ಹೋಗಬೇಕು. ನಡುವೆ ಎಲ್ಲಾದರೂ ನಿಂತರೆ, ಆ ಅಗತ್ಯವನ್ನು ಯಾರೋ ಹಳೆಯ ಮಿಷನ್‌ನಿಂದ ನಕಲು ಮಾಡಿ ತಂದಿದ್ದಾರೆ ಅಂತ ಅರ್ಥ.

ಬೆಂಕಿಯ ಉದಾಹರಣೆಯನ್ನೇ ಲೆಕ್ಕ ಹಾಕೋಣ. ಉರಿಯುವ ಬೆಂಕಿ ಸುಮಾರು 4 ಮೈಕ್ರಾನ್ ತರಂಗದಲ್ಲಿ ಚೆನ್ನಾಗಿ ಹೊಳೆಯುತ್ತದೆ. 500 ಕಿಲೋಮೀಟರ್ ಎತ್ತರದಿಂದ 10 ಸೆಂಟಿಮೀಟರ್ ಅಗಲದ ಲೆನ್ಸ್‌ನಲ್ಲಿ ನೋಡಿದರೆ ನೆಲದ ಮೇಲೆ ಬೇರ್ಪಡಿಸಿ ಕಾಣಬಹುದಾದ ಕನಿಷ್ಠ ಅಳತೆ ಸುಮಾರು 24 ಮೀಟರ್. ಇದು ಬೆಳಕಿನ ಗುಣವೇ ಹಾಕುವ ಮಿತಿ, ಎಷ್ಟು ಒಳ್ಳೆಯ ಡಿಟೆಕ್ಟರ್ ಕೊಂಡರೂ ಇದಕ್ಕಿಂತ ಕೆಳಗೆ ಹೋಗಲಾಗದು. ಇಲ್ಲಿವರೆಗೆ ಚೆನ್ನಾಗಿದೆ. ಆದರೆ "ಒಂದು ಗಂಟೆಯೊಳಗೆ" ಅನ್ನುವ ಮಾತು ಏನಾಯಿತು? ಈ ಎತ್ತರದ ಉಪಗ್ರಹ ದಿನಕ್ಕೆ ಸುಮಾರು 15 ಸುತ್ತು ಹಾಕುತ್ತದೆ, ಅಷ್ಟರಲ್ಲಿ ಭೂಮಿಯೂ ಕೆಳಗೆ ತಿರುಗುತ್ತಿರುತ್ತದೆ. ತುಂಬಾ ಅಗಲದ ಪಟ್ಟಿ ನೋಡುವ ಕ್ಯಾಮೆರಾ ಇದ್ದರೂ ಸಮಭಾಜಕದ ಹತ್ತಿರದ ಜಾಗವನ್ನು ಒಂದು ಧ್ರುವೀಯ ಉಪಗ್ರಹ ದಿನಕ್ಕೆ ಒಂದೆರಡು ಸಲ ಮಾತ್ರ ನೋಡುತ್ತದೆ. ಹಾಗಾದರೆ ಒಂದೇ ಜಾಗದ ಮೇಲೆ ಸದಾ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆಗೆ ಹೋಗೋಣ ಅಂದರೆ ಎತ್ತರ 35,786 ಕಿಲೋಮೀಟರ್, ಅದೇ ಲೆನ್ಸ್‌ಗೆ 24 ಮೀಟರ್ ಹೋಗಿ 1.7 ಕಿಲೋಮೀಟರ್ ಆಗುತ್ತದೆ.

ಅಂದರೆ ಒಂದೇ ಸಣ್ಣ ಉಪಗ್ರಹದಿಂದ ಈ ಗುರಿ ಈಡೇರುವುದಿಲ್ಲ. ಒಂದೋ ಉಪಗ್ರಹಗಳ ಗುಂಪು ಬೇಕು, ಇಲ್ಲಾ ಗುರಿಯನ್ನು ಬದಲಿಸಬೇಕು: "ದಿನಕ್ಕೊಮ್ಮೆ ಬೆಂಕಿಯ ಅಂಚಿನ ನಿಖರ ನಕ್ಷೆ ಕೊಡುವುದು" ಅಂತ. ಈ ಬದಲಾವಣೆಯನ್ನು ಸೋಲು ಅಂದುಕೊಳ್ಳಬೇಡಿ. ಒಂದು ಮಧ್ಯಾಹ್ನದ ಲೆಕ್ಕ ಎರಡು ವರ್ಷದ ಕೆಲಸ ಉಳಿಸಿತು. ಹಾಗೆ ಬದಲಾದದ್ದನ್ನು ರಿವ್ಯೂನಲ್ಲಿ ಮುಚ್ಚಿಡದೆ ಹೇಳಿ. ಬೋರ್ಡಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುವುದೇ ಅಲ್ಲಿ.

ಬಿಟ್ಟುಬಿಟ್ಟ ದಾರಿಗಳು

ಕನಿಷ್ಠ ಮೂರು ಬೇರೆ ಬೇರೆ ಪರಿಕಲ್ಪನೆಗಳನ್ನು ತೂಗಿ ನೋಡಿದ್ದೀರಿ ಅಂತ ತೋರಿಸಿ. ಅದರಲ್ಲಿ ಒಂದು "ಉಪಗ್ರಹವೇ ಬೇಡ" ಅನ್ನುವುದಾಗಿರಲಿ: ವಿಮಾನ, ನೆಲದ ಸೆನ್ಸರ್, ಬೇರೆಯವರ ಉಪಗ್ರಹದಲ್ಲಿ ನಮ್ಮ ಪೇಲೋಡ್ (ಅಂದರೆ ಉಪಕರಣ) ಕಳಿಸುವುದು, ಅಥವಾ ಈಗಾಗಲೇ ಸಿಗುತ್ತಿರುವ ಡೇಟಾ. ಕೊನೆಯದನ್ನು ಬೋರ್ಡಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆಂಕಿಯ ವಿಷಯವಾದರೆ, 2011ರಲ್ಲಿ ಹಾರಿದ ಸುವೋಮಿ ಎನ್‌ಪಿಪಿ ಉಪಗ್ರಹದ ವಿಯರ್ಸ್ ಉಪಕರಣದಿಂದ 375 ಮೀಟರ್ ಮಟ್ಟದ ಬೆಂಕಿ ಮಾಹಿತಿ ಯಾರಿಗೂ ಉಚಿತವಾಗಿ ಸಿಗುತ್ತದೆ. ಅದಕ್ಕಿಂತ ನಿಮ್ಮದು ಏನು ಜಾಸ್ತಿ ಕೊಡುತ್ತದೆ, ಆ ಜಾಸ್ತಿಯಿಂದ ನೆಲದ ಮೇಲೆ ಯಾರ ಯಾವ ನಿರ್ಧಾರ ಬದಲಾಗುತ್ತದೆ? ಇದಕ್ಕೆ ಉತ್ತರ ಇಲ್ಲದಿದ್ದರೆ ರಿವ್ಯೂ ಮುಂದೂಡುವುದೇ ಒಳ್ಳೆಯದು.

ಹೋಲಿಕೆ ಮಾಡುವಾಗ ಒಂದು ಎಚ್ಚರಿಕೆ. ಯಾವ ಅಂಶಕ್ಕೆ ಎಷ್ಟು ತೂಕ ಅನ್ನುವುದನ್ನು ಅಂಕ ಹಾಕುವ ಮೊದಲೇ ಬರೆದು ದಿನಾಂಕ ಹಾಕಿಡಿ. ಅಂಕ ಬಂದ ಮೇಲೆ ತೂಕ ಬದಲಿಸಿದರೆ ಮೆಚ್ಚಿದ ಆಯ್ಕೆಯೇ ಗೆಲ್ಲುತ್ತದೆ, ಅನುಭವ ಇರುವವರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಲೆಕ್ಕಪುಸ್ತಕ

ತೂಕ, ವಿದ್ಯುತ್, ಡೇಟಾ, ಇಂಧನ. ಈ ನಾಲ್ಕರ ಬಜೆಟ್ ಒಂದೇ ಹಾಳೆಯಲ್ಲಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಇರಲಿ. ಒಬ್ಬೊಬ್ಬರು ಒಂದೊಂದು ಫೈಲ್ ಇಟ್ಟುಕೊಂಡರೆ ರಿವ್ಯೂ ದಿನ ಎರಡು ಸ್ಲೈಡಿನಲ್ಲಿ ಎರಡು ತೂಕ ಕಾಣಿಸುತ್ತದೆ. ನಾಸಾದ ಪ್ರಯೋಗಾಲಯ ಜೆಪಿಎಲ್‌ನ ಟೀಮ್ ಎಕ್ಸ್ 1995ರಿಂದ, ಇಸಾದ ಕನ್‌ಕರೆಂಟ್ ಡಿಸೈನ್ ಫೆಸಿಲಿಟಿ 1998ರಿಂದ ಮಾಡುತ್ತಿರುವುದು ಇದನ್ನೇ: ಎಲ್ಲ ಪರಿಣತರೂ ಒಂದೇ ಕೋಣೆಯಲ್ಲಿ, ಒಂದೇ ಅಂಕಿಗಳ ಸುತ್ತ. ನಿಮಗೆ ಅಂಥ ಕೋಣೆ ಇಲ್ಲದಿದ್ದರೂ ಪರವಾಗಿಲ್ಲ, ಎರಡು ದಿನ ಒಂದು ಮೇಜು ಮತ್ತು ಒಂದು ಸ್ಪ್ರೆಡ್‌ಶೀಟ್ ಸಾಕು.

ತೂಕದಲ್ಲಿ ಎಲ್ಲರೂ ಎಡವುತ್ತಾರೆ. ಈಗಿನ ಅಂದಾಜು 80 ಕಿಲೋ ಅಂತ ಇಟ್ಟುಕೊಳ್ಳಿ. ವಿನ್ಯಾಸ ಬೆಳೆದಂತೆ ಭಾಗಗಳ ತೂಕವೂ ಬೆಳೆಯುತ್ತದೆ, ಅದು ಯಾವ ಮಿಷನ್‌ನಲ್ಲೂ ತಪ್ಪಿದ್ದಲ್ಲ. ಹಾಗಾಗಿ ಭಾಗಗಳ ಮಟ್ಟದಲ್ಲಿ ಸರಾಸರಿ 15% ಸೇರಿಸಿದರೆ 92 ಕಿಲೋ. ಅದರ ಮೇಲೆ ಇಡೀ ವ್ಯವಸ್ಥೆಗೆ 20% ಮಾರ್ಜಿನ್ ಹಾಕಿದರೆ 110 ಕಿಲೋ ದಾಟುತ್ತದೆ. ರಾಕೆಟ್‌ನಲ್ಲಿ ನಿಮಗೆ ಸಿಕ್ಕಿರುವ ಜಾಗ 100 ಕಿಲೋ ಆಗಿದ್ದರೆ, "80 ಇದೆ, 20 ಉಳಿದಿದೆ" ಅಂತ ಖುಷಿಪಡುವ ಹಾಗಿಲ್ಲ, ನೀವು ಈಗಲೇ 10 ಕಿಲೋ ಜಾಸ್ತಿ ಇದ್ದೀರಿ. ಈ ಎರಡು ಬಗೆಯ ಮಾರ್ಜಿನ್ ಬೇರೆ ಬೇರೆ ಸಾಲಿನಲ್ಲಿ ಕಾಣಲಿ. ಭಾಗದ ಮಾರ್ಜಿನ್ ಗೊತ್ತಿರುವ ಅನಿಶ್ಚಿತತೆಗೆ. ವ್ಯವಸ್ಥೆಯ ಮಾರ್ಜಿನ್ ನೀವು ಇನ್ನೂ ಯೋಚಿಸಿಯೇ ಇಲ್ಲದ ವಸ್ತುವಿಗೆ, ಮರೆತುಹೋದ ಕೇಬಲ್ ಮತ್ತು ಬ್ರಾಕೆಟ್‌ಗೆ.

ವಿದ್ಯುತ್ತಿಗೆ ಬನ್ನಿ. 500 ಕಿಲೋಮೀಟರ್ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 95 ನಿಮಿಷ, ಅದರಲ್ಲಿ 36 ನಿಮಿಷದವರೆಗೆ ನೆರಳು. ಸರಾಸರಿ 60 ವ್ಯಾಟ್ ಬೇಕಾದರೆ ನೆರಳಿನಲ್ಲಿ 36 ವ್ಯಾಟ್-ಗಂಟೆ ಬ್ಯಾಟರಿಯಿಂದಲೇ ಬರಬೇಕು. ಹಾಗಂತ 40 ವ್ಯಾಟ್-ಗಂಟೆಯ ಬ್ಯಾಟರಿ ಹಾಕಿದರೆ ಕೆಟ್ಟಿರಿ, ಯಾಕೆಂದರೆ ವರ್ಷಕ್ಕೆ 5,500 ಸಲ ಅದು ಖಾಲಿಯಾಗಿ ತುಂಬಬೇಕು, ಪ್ರತಿ ಸಲ ಹೆಚ್ಚುಕಡಿಮೆ ಪೂರ್ತಿ ಖಾಲಿಯಾದರೆ ಬ್ಯಾಟರಿ ಬೇಗ ಸವೆಯುತ್ತದೆ. ಪ್ರತಿ ಸಲ 30% ಮಾತ್ರ ಬಳಸುವ ಹಾಗಿದ್ದರೆ 120 ವ್ಯಾಟ್-ಗಂಟೆ ಬೇಕು, ಆ ತೂಕ ಮೇಲಿನ ಹಾಳೆಗೆ ವಾಪಸ್ ಹೋಗಬೇಕು.

ಡೇಟಾದ ಲೆಕ್ಕವೂ ಹೀಗೇ. ನೆಲದ ನಿಲ್ದಾಣದ ಮೇಲೆ ಹಾದುಹೋಗುವಾಗ 8 ನಿಮಿಷ ಸಂಪರ್ಕ, ಸೆಕೆಂಡಿಗೆ 50 ಮೆಗಾಬಿಟ್ ಅಂದರೆ ಒಂದು ಸಲಕ್ಕೆ 3 ಗಿಗಾಬೈಟ್. ದಿನಕ್ಕೆ ನಾಲ್ಕು ಸಲ ಸಿಕ್ಕರೆ 12. ಕ್ಯಾಮೆರಾ ದಿನಕ್ಕೆ 40 ಗಿಗಾಬೈಟ್ ಹುಟ್ಟಿಸುತ್ತಿದ್ದರೆ ಇನ್ನಷ್ಟು ನಿಲ್ದಾಣ ಬೇಕು, ಅಥವಾ ಬೆಂಕಿ ಇರುವ ಚಿತ್ರಗಳನ್ನು ಉಪಗ್ರಹದಲ್ಲೇ ಆರಿಸಿ ಕಳಿಸಬೇಕು. ಎರಡನೆಯದನ್ನು ಆರಿಸಿದರೆ ಕಂಪ್ಯೂಟರ್‌ಗೆ ವಿದ್ಯುತ್ ಬೇಕು, ಮತ್ತೆ ಬ್ಯಾಟರಿ, ಮತ್ತೆ ತೂಕ.

ಯುನಿಟ್‌ಗಳ ಬಗ್ಗೆ ಮೊದಲ ದಿನವೇ ಒಂದು ಪುಟ ಬರೆದಿಡಿ. 1999ರಲ್ಲಿ ನಾಸಾದ ಮಂಗಳ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದು ಒಂದು ತಂಡ ಪೌಂಡ್-ಫೋರ್ಸ್ ಸೆಕೆಂಡ್‌ನಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆ ನ್ಯೂಟನ್ ಸೆಕೆಂಡ್ ಅಂತ ಓದಿದ್ದರಿಂದ. ಎರಡಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ.

ತಂತ್ರಜ್ಞಾನ ಎಷ್ಟು ಹಣ್ಣಾಗಿದೆ

ಇದಕ್ಕೆ ಟಿಆರ್‌ಎಲ್ (ಟೆಕ್ನಾಲಜಿ ರೆಡಿನೆಸ್ ಲೆವೆಲ್) ಅನ್ನುವ 1ರಿಂದ 9ರ ಅಳತೆಗೋಲು ಇದೆ, 9 ಅಂದರೆ ಅಂತರಿಕ್ಷದಲ್ಲಿ ಹಾರಿ ಕೆಲಸ ಮಾಡಿ ತೋರಿಸಿದ್ದು. ಮುಂದೆ ಬರುವ ಪ್ರಿಲಿಮಿನರಿ ಡಿಸೈನ್ ರಿವ್ಯೂ (ಪ್ರಾಥಮಿಕ ವಿನ್ಯಾಸದ ಪರಿಶೀಲನೆ) ಹೊತ್ತಿಗೆ ಮುಖ್ಯ ತಂತ್ರಜ್ಞಾನಗಳು 6ಕ್ಕೆ ಬಂದಿರಬೇಕು, ಅಂದರೆ ಅಂತರಿಕ್ಷವನ್ನು ಹೋಲುವ ಪರಿಸರದಲ್ಲಿ ಮಾದರಿ ಕೆಲಸ ಮಾಡಿ ತೋರಿಸಿರಬೇಕು ಅನ್ನುವುದು ನಾಸಾದ ರೂಢಿ. ಈಗ 4ರಲ್ಲಿದ್ದರೆ ನಾಚಿಕೆ ಬೇಡ. 4 ಅಂತಲೇ ಬರೆಯಿರಿ, 6ಕ್ಕೆ ಏರಿಸಲು ಯಾವ ಪರೀಕ್ಷೆ, ಎಷ್ಟು ಖರ್ಚು, ಯಾವ ತಿಂಗಳು, ಆಗದಿದ್ದರೆ ಯಾವ ಹಳೆಯ ಉಪಕರಣಕ್ಕೆ ಹಿಂದಿರುಗುತ್ತೀರಿ ಅನ್ನುವುದನ್ನು ಪಕ್ಕದಲ್ಲೇ ಇಡಿ. ಸುಮ್ನೆ 9 ಅಂತ ಹಾಕುವವರು ಜಾಸ್ತಿ, "ಇದು ಈಗಾಗಲೇ ಹಾರಿದೆ" ಅನ್ನುವ ಕಾರಣ ಕೊಟ್ಟು. ಯಾವ ಕಕ್ಷೆಯಲ್ಲಿ, ಎಷ್ಟು ವಿಕಿರಣದಲ್ಲಿ, ಎಷ್ಟು ವರ್ಷ ಹಾರಿತು? ನಿಮ್ಮ ಕಕ್ಷೆ ಬೇರೆಯಾದರೆ ಆ 9 ನಿಮಗೆ ತಾನಾಗಿ ಸಿಗುವುದಿಲ್ಲ.

ರೇಡಿಯೋ ಫ್ರೀಕ್ವೆನ್ಸಿ ಮತ್ತು ಅಂತರಿಕ್ಷದ ಕಸ ಎರಡನ್ನೂ ಮುಂದಿನ ಹಂತಕ್ಕೆ ತಳ್ಳಬೇಡಿ. ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು ಮೂಲಕ ಫ್ರೀಕ್ವೆನ್ಸಿ ಹೊಂದಾಣಿಕೆಗೆ ವರ್ಷಗಳೇ ಹಿಡಿಯಬಹುದು. ಕೆಲಸ ಮುಗಿದ ಉಪಗ್ರಹವನ್ನು ಕೆಳ ಕಕ್ಷೆಯಿಂದ ಇಳಿಸಲು ಮೊದಲು 25 ವರ್ಷ ಅನ್ನುತ್ತಿದ್ದರು, 2022ರಲ್ಲಿ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ತಾನು ಪರವಾನಗಿ ಕೊಡುವವರಿಗೆ ಅದನ್ನು 5 ವರ್ಷಕ್ಕೆ ಇಳಿಸಿತು. ಇಳಿಸಲು ಬೇಕಾದ ಇಂಧನವೂ ಬಜೆಟ್ಟಿನಲ್ಲಿ ಇರಬೇಕಲ್ವಾ?

ಖರ್ಚನ್ನು ಎರಡು ದಾರಿಯಲ್ಲಿ ಲೆಕ್ಕ ಹಾಕಿ: ಹಿಂದಿನ ಮಿಷನ್‌ಗಳ ಹೋಲಿಕೆಯಿಂದ ಒಮ್ಮೆ, ಒಂದೊಂದು ಭಾಗ ಕೂಡಿಸಿ ಇನ್ನೊಮ್ಮೆ. ಎರಡೂ ಹೊಂದದಿದ್ದರೆ ಯಾಕೆ ಅಂತ ಹುಡುಕಿ. ಬೋರ್ಡಿಗೆ ಒಂದೇ ಅಂಕಿ ಕೊಡದೆ ಇಷ್ಟರಿಂದ ಇಷ್ಟು ಅಂತ ಹೇಳಿ, ಯಾಕೆಂದರೆ ಮೊದಲು ಹೇಳಿದ ಅಂಕಿ ಎಲ್ಲರ ತಲೆಯಲ್ಲಿ ಕೂತುಬಿಡುತ್ತದೆ. ಜೇಮ್ಸ್ ವೆಬ್ ದೂರದರ್ಶಕಕ್ಕೆ 1990ರ ದಶಕದಲ್ಲಿ ಹೆಚ್ಚೆಂದರೆ 100 ಕೋಟಿ ಡಾಲರ್ ಅಂದುಕೊಂಡಿದ್ದರು. 2021ರ ಡಿಸೆಂಬರ್ 25ರಂದು ಅದು ಹಾರುವ ಹೊತ್ತಿಗೆ ಸುಮಾರು 1,000 ಕೋಟಿ ಡಾಲರ್ ಆಗಿತ್ತು. ಅದ್ಭುತವಾದ ಯಂತ್ರ, ಆದರೂ ಆ ಮೊದಲ ಅಂಕಿ ವರ್ಷಗಟ್ಟಲೆ ಅದರ ಬೆನ್ನು ಬಿಡಲಿಲ್ಲ.

ರಿವ್ಯೂ ಹತ್ತಿರ ಬಂದಾಗ

ದಾಖಲೆಗಳನ್ನು ಎರಡು ವಾರ ಮೊದಲೇ ಕಳಿಸಿ. ಹಿಂದಿನ ರಾತ್ರಿ ಕಳಿಸಿದರೆ ಬೋರ್ಡಿನವರು ನಿಮ್ಮ ಮುಂದೆಯೇ ಮೊದಲ ಸಲ ಓದುತ್ತಾರೆ, ಮೊದಲ ಸಲ ಓದುವವರು ಸಣ್ಣ ವಿಷಯಕ್ಕೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೂ ಒಂದು ವಾರ ಮೊದಲು ತಂಡದ ಹೊರಗಿನ ಮೂರು ಜನರನ್ನು ಕೂರಿಸಿ ಅಣಕು ರಿವ್ಯೂ ಮಾಡಿ. ಅವರಿಗೆ ಹೇಳಬೇಕಾದ್ದು ಒಂದೇ: ಮುಲಾಜು ನೋಡಬೇಡಿ. ಅವರು ಕೇಳಿದ ಪ್ರಶ್ನೆಗಳಲ್ಲಿ ನಿಮಗೆ ತೀರಾ ಕಿರಿಕಿರಿಯಾದದ್ದು ಯಾವುದೋ ಅದಕ್ಕೇ ಮೊದಲು ಉತ್ತರ ಸಿದ್ಧ ಮಾಡಿ.

ಸ್ಲೈಡಿನ ತಲೆಬರಹ "ವಿದ್ಯುತ್ ವ್ಯವಸ್ಥೆ" ಅಂತ ಇರಬಾರದು. "ಅತಿ ಉದ್ದದ ನೆರಳಿನಲ್ಲೂ ಬ್ಯಾಟರಿ 30% ಮಾತ್ರ ಖಾಲಿಯಾಗುತ್ತದೆ" ಅಂತಿರಲಿ. ಕೆಳಗಿನ ಗ್ರಾಫ್ ಆ ಮಾತನ್ನು ಸಾಬೀತು ಮಾಡಬೇಕು, ಮಾಡದಿದ್ದರೆ ಗ್ರಾಫ್ ತೆಗೆಯಿರಿ ಇಲ್ಲಾ ಮಾತು ಬದಲಿಸಿ. ಇನ್ನೂ ಬಗೆಹರಿಯದ ವಿಷಯಗಳಿಗೆ ಒಂದು ಪುಟ ಮೀಸಲಿಡಿ, ಅದು ಕೊನೆಯ ಬ್ಯಾಕಪ್ ಸ್ಲೈಡುಗಳಲ್ಲಿ ಅಡಗದೆ ಮುಖ್ಯ ಭಾಗದಲ್ಲೇ ಬರಲಿ. ಬೋರ್ಡು ತಾನೇ ಕಂಡುಹಿಡಿದ ಸಮಸ್ಯೆಗೂ ನೀವೇ ಮುಂದಿಟ್ಟ ಸಮಸ್ಯೆಗೂ ಬಹಳ ವ್ಯತ್ಯಾಸವಿದೆ.

ಆ ದಿನ ಯಾವ ಪ್ರಶ್ನೆಗೆ ಯಾರು ಉತ್ತರಿಸುತ್ತಾರೆ ಅಂತ ಮೊದಲೇ ಹಂಚಿಕೊಳ್ಳಿ. ಗೊತ್ತಿಲ್ಲದಿದ್ದರೆ "ಈಗ ಗೊತ್ತಿಲ್ಲ, ಹತ್ತು ದಿನದಲ್ಲಿ ಲೆಕ್ಕ ಕಳಿಸುತ್ತೇವೆ" ಅನ್ನಿ. ಅಲ್ಲೇ ನಿಂತು ಊಹೆಯ ಅಂಕಿ ಹೇಳಿದರೆ ಅದು ನಡಾವಳಿಗೆ ಸೇರುತ್ತದೆ, ಮುಂದಿನ ರಿವ್ಯೂಗೆ ಅದೇ ಮಾತು ನಿಮ್ಮೆದುರು ಬರುತ್ತದೆ. ಮಾತಾಡದೆ ಬರೆದುಕೊಳ್ಳುವುದಕ್ಕೆಂದೇ ಒಬ್ಬರನ್ನು ಕೂರಿಸಿ, ಕೇಳಿದವರ ಮಾತಿನಲ್ಲೇ ಬರೆಯಲಿ.

ಮೊದಲ ರಿವ್ಯೂನಿಂದ ಆಕ್ಷನ್ ಐಟಂಗಳ (ಬೋರ್ಡ್ ಉತ್ತರ ಕೇಳಿದ ವಿಷಯಗಳ) ಪಟ್ಟಿ ಇಲ್ಲದೆ ಯಾರೂ ಹೊರಬರುವುದಿಲ್ಲ. ಅದೇ ಸಂಜೆ ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ದಿನಾಂಕ ಹಾಕಿ. ಪ್ರಶ್ನೆ ನಿಮಗೆ ಅರ್ಥವಾದ ರೀತಿಯಲ್ಲಿ ಬರೆದು ಕೇಳಿದವರಿಗೇ ಕಳಿಸಿ, "ನೀವು ಕೇಳಿದ್ದು ಇದೇ ತಾನೆ?" ಅಂತ ಖಚಿತ ಮಾಡಿಕೊಳ್ಳಿ. ಅವರು ಹೌದು ಅಂದ ಮೇಲೆ ಲೆಕ್ಕ ಶುರು ಮಾಡಿ, ಉತ್ತರ ಒಪ್ಪಿಗೆಯಾಯಿತು ಅಂತ ಅವರಿಂದಲೇ ಬರೆಸಿಕೊಂಡ ಮೇಲೆ ಆ ಸಾಲನ್ನು ಪಟ್ಟಿಯಿಂದ ತೆಗೆಯಿರಿ.