ಹೊಸಬರಿಗೆ ಮಾರ್ಗದರ್ಶಿ: ತಾರೀಖು ದಾಟಿದ ಫ್ರೋಜನ್ ತರಕಾರಿ ಬಿಸಾಡಬೇಕಾ?

ವಿದೇಶಕ್ಕೆ ಬಂದ ಮೊದಲ ವರ್ಷ ನಾನು ಒಂದೇ ದಿನ ಏಳು ಪ್ಯಾಕೆಟ್ ತರಕಾರಿ ಕಸದ ಡಬ್ಬಿಗೆ ಹಾಕಿದ್ದೆ. ಬಟಾಣಿ ಮೂರು, ಬೀನ್ಸ್ ಎರಡು, ಹೂಕೋಸು ಒಂದು, ಪಾಲಕ್ ಒಂದು. ಫ್ರೀಜರ್ ಒರೆಸೋಣ ಅಂತ ಎಲ್ಲ ಹೊರಗೆ ತೆಗೆದಾಗ ತಾರೀಖು ಕಣ್ಣಿಗೆ ಬಿತ್ತು. ದಾಟಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಚಿಕ್ಕ ಮಗು ಬೇರೆ. ಯಾಕೆ ಬೇಕು ರಗಳೆ ಅಂತ ಎಲ್ಲ ಎಸೆದೆ. ಅದರಲ್ಲಿ ಒಂದೂ ಕೆಟ್ಟಿರಲಿಲ್ಲ. ಅದೇ ನಾನು ಮರುವರ್ಷ, ತಾರೀಖಿಗೆ ಇನ್ನೂ ಆರು ತಿಂಗಳಿದ್ದ ಬಟಾಣಿಯನ್ನು ನಂಬಿ ಪೇಚಿಗೆ ಸಿಕ್ಕಿಕೊಂಡೆ. ಆ ಕಥೆ ಮುಂದೆ ಬರುತ್ತದೆ.

ಹೊಸದಾಗಿ ಬಂದವರು ನಮ್ಮ ಕನ್ನಡ ಸಂಘಕ್ಕೆ ಮಾಡುವ ಫೋನುಗಳಲ್ಲಿ ಮನೆ, ಶಾಲೆ, ಬ್ಯಾಂಕಿನ ವಿಷಯ ಮುಗಿದ ಮೇಲೆ ಮೆಲ್ಲಗೆ ಈ ಪ್ರಶ್ನೆ ಬರುತ್ತದೆ: "ಅಕ್ಕಾ, ಡೇಟ್ ಮುಗಿದಿದೆ, ಮಾಡಬಹುದಾ?" ನಾನು ಕೇಳುವುದು ಒಂದೇ: "ತಂದಾಗಿನಿಂದ ಗಟ್ಟಿಯಾಗೇ ಇತ್ತಾ, ನಡುವೆ ಕರಗಿತ್ತಾ?" ಅದಕ್ಕೆ ಉತ್ತರ ಗೊತ್ತಿದ್ದರೆ ತಾರೀಖಿನ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಾರೀಖನ್ನು ಮೊದಲು ಸರಿಯಾಗಿ ಓದಿ

ನಗಬೇಡಿ, ಇದರಲ್ಲಿ ಎಡವದವರು ಕಡಿಮೆ. ಕೆಲವು ದೇಶಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ. 08/03 ಅಂತ ಇದ್ದರೆ ನಾವು ಮಾರ್ಚ್ 8 ಅಂತ ಓದಿ ಎಸೆಯುತ್ತೇವೆ. ಅಲ್ಲಿ ಅದು ಆಗಸ್ಟ್ 3.

ಇನ್ನು ತಾರೀಖಿನ ಹಿಂದಿರುವ ಮಾತು. ಫ್ರೋಜನ್ ತರಕಾರಿಯ ಮೇಲೆ ಸಾಮಾನ್ಯವಾಗಿ ಇರುವುದು ಬೆಸ್ಟ್ ಬಿಫೋರ್ ಅಥವಾ ಬೆಸ್ಟ್ ಬೈ. ಅಂದರೆ ಅಲ್ಲಿಯವರೆಗೆ ರುಚಿ, ಬಣ್ಣ, ಹದ ಚೆನ್ನಾಗಿರುತ್ತದೆ ಅಂತ ತಯಾರಕರ ಭರವಸೆ. ಮರುದಿನ ವಿಷವಾಗುತ್ತದೆ ಅಂತ ಅಲ್ಲ. ಸೆಲ್ ಬೈ ಅನ್ನುವುದು ಅಂಗಡಿಯವರಿಗೆ. ಯೂಸ್ ಬೈ ಮಾತ್ರ ಕೆಲವು ದೇಶಗಳಲ್ಲಿ ಸುರಕ್ಷತೆಯ ಗಡುವು. ಅದು ಬೇಗ ಕೆಡುವ ತಾಜಾ ಪದಾರ್ಥಗಳ ಮೇಲೆ ಇರುತ್ತದೆ, ಅಂಥದ್ದನ್ನು ಮೀರಬೇಡಿ. ಎಲ್ಲವನ್ನೂ ಸೇರಿಸಿ 'ಎಕ್ಸ್‌ಪೈರಿ' ಅನ್ನುವ ನಮ್ಮ ಅಭ್ಯಾಸದಿಂದಲೇ ಅರ್ಧ ತರಕಾರಿ ದಂಡ.

ಯಾಕೆ ಕೆಡುವುದಿಲ್ಲ

ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯುವುದಿಲ್ಲ. ಆ ಚಳಿ ತಪ್ಪದೆ ಸಿಕ್ಕಿದ ತರಕಾರಿ ತಾರೀಖು ದಾಟಿ ತಿಂಗಳುಗಳಾದರೂ ಆರೋಗ್ಯದ ದೃಷ್ಟಿಯಿಂದ ತಿನ್ನಲು ಯೋಗ್ಯವೇ. ಆದರೆ ಒಂದು ಮಾತು. ಬ್ಯಾಕ್ಟೀರಿಯಾ ಅಲ್ಲಿ ಸಾಯುವುದಿಲ್ಲ, ಮಲಗಿರುತ್ತವೆ ಅಷ್ಟೇ. ಕರಗಿದರೆ ಎದ್ದು ಕೂರುತ್ತವೆ.

ಫ್ಯಾರನ್‌ಹೀಟ್ ಬಳಸುವ ಕಡೆ ಇದ್ದೀರಾ? ಅಲ್ಲಿ ಫ್ರೀಜರ್ 0 ತೋರಿಸಬೇಕು. ನಾನು 0 ನೋಡಿ "ಅಯ್ಯೋ, ಐಸ್ ಕರಗುವ ಮಟ್ಟಕ್ಕೆ ಬಂದುಬಿಟ್ಟಿದೆ" ಅಂತ ಗುಂಡಿ ಒತ್ತಿ ಒತ್ತಿ ಎಲ್ಲ ಏರುಪೇರು ಮಾಡಿದ್ದೆ. ಫ್ಯಾರನ್‌ಹೀಟಿನ 0 ಅಂದರೆ ಹತ್ತಿರ ಹತ್ತಿರ ಮೈನಸ್ 18.

ಬಾಡಿಗೆ ಮನೆಯ ಪುಟ್ಟ ಫ್ರಿಜ್ಜಿನೊಳಗೆ ಒಂದು ಐಸ್ ಗೂಡು ಇರುತ್ತದಲ್ಲ, ಅದು ಬೇರೆ ಲೆಕ್ಕ. ಬಾಗಿಲ ಮೇಲೆ ನಕ್ಷತ್ರದ ಗುರುತು ಇದ್ದರೆ ನೋಡಿ. ಒಂದು ನಕ್ಷತ್ರ ಅಂದರೆ ಮೈನಸ್ 6, ಎರಡು ಅಂದರೆ ಮೈನಸ್ 12, ಮೂರು ಅಂದರೆ ಮೈನಸ್ 18. ಒಂದು ನಕ್ಷತ್ರದ ಗೂಡಿನಲ್ಲಿ ತರಕಾರಿ ಸುಮಾರು ಒಂದು ವಾರ, ಎರಡರಲ್ಲಿ ಒಂದು ತಿಂಗಳು. ಪ್ಯಾಕೆಟ್ ಮೇಲಿನ ತಾರೀಖು ನಿಮಗೆ ಅನ್ವಯಿಸುವುದೇ ಇಲ್ಲ.

ರುಚಿ ಎಲ್ಲಿ ಹೋಗುತ್ತದೆ

ತಯಾರಿಸುವಾಗ ತರಕಾರಿಯನ್ನು ಸ್ವಲ್ಪ ಹೊತ್ತು ಬಿಸಿನೀರಿಗೋ ಹಬೆಗೋ ಹಿಡಿದು ತಕ್ಷಣ ತಣ್ಣಗೆ ಮಾಡಿರುತ್ತಾರೆ. ಬಣ್ಣ, ರುಚಿ ಕೆಡಿಸುವ ಕಿಣ್ವಗಳು ಅಲ್ಲಿಗೆ ನಿಲ್ಲುತ್ತವೆ. ಅದಕ್ಕೇ ತಿಂಗಳುಗಟ್ಟಲೆ ಹಸಿರಾಗಿರುವುದು. ಆದರೂ ಕಾಲ ಕಳೆದಂತೆ ಹದ ಸಡಿಲವಾಗುತ್ತದೆ, ವಿಟಮಿನ್ ಸಿ ನಿಧಾನವಾಗಿ ಇಳಿಯುತ್ತದೆ. ನಾರು, ಖನಿಜಾಂಶ ಹಾಗೇ ಇರುತ್ತವೆ.

ಬಿಳಿ ಬಿಳಿ ಒಣ ಕಲೆ, ಸುಕ್ಕುಗಟ್ಟಿದ ಬೀನ್ಸ್ ಕಂಡರೆ ಅದು ಫ್ರೀಜರ್ ಬರ್ನ್. ಬೂಷ್ಟು ಅಲ್ಲ. ತರಕಾರಿಯೊಳಗಿನ ಐಸ್ ನೀರಾಗದೆ ನೇರ ಆವಿಯಾಗಿ ಹೊರಟು ಪ್ಯಾಕೆಟ್ಟಿನ ಒಳಗೋಡೆಗೆ ಹಿಮದ ಪುಡಿಯಂತೆ ಅಂಟುತ್ತದೆ. ತಿಂದರೆ ಏನೂ ಆಗುವುದಿಲ್ಲ, ರಟ್ಟು ಅಗಿದಂತೆ ಇರುತ್ತದೆ ಅಷ್ಟೇ. ಜಾಸ್ತಿ ಇದ್ದರೆ ಆ ತುಂಡು ತೆಗೆದುಹಾಕಿ, ಉಳಿದದ್ದನ್ನು ಸೂಪಿಗೆ ಹಾಕಿ ರುಬ್ಬಿ.

ಬೆಣ್ಣೆ, ಚೀಸ್ ಸಾಸ್ ಬೆರೆಸಿದ ಪ್ಯಾಕೆಟ್‌ಗಳಿಗೆ ಇಷ್ಟು ಧಾರಾಳ ಬೇಡ. ಜಿಡ್ಡು ಚಳಿಯಲ್ಲೂ ನಿಧಾನವಾಗಿ ಕಮಟು ಹಿಡಿಯುತ್ತದೆ.

ಕರಗಿ ಮತ್ತೆ ಗಟ್ಟಿಯಾದದ್ದು

ಇದನ್ನು ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹತ್ತು ದಿನ ಊರಲ್ಲಿರಲಿಲ್ಲ. ಬಂದು ದೀಪ ಹಾಕಿದಾಗ ಮೈಕ್ರೋವೇವಿನ ಗಡಿಯಾರ 12:00 ಅಂತ ಮಿನುಗುತ್ತಿತ್ತು. ಸಮಯ ಸರಿ ಮಾಡಿ ಸುಮ್ನೆ ಇದ್ದೆ. ಕರೆಂಟ್ ಹೋಗಿತ್ತು, ಎಷ್ಟು ಹೊತ್ತು ಹೋಗಿತ್ತೋ ಗೊತ್ತಿಲ್ಲ ಅಂತ ಆ ಗಡಿಯಾರ ಕೂಗಿ ಹೇಳುತ್ತಿದ್ದದ್ದು ನನಗೆ ಹೊಳೆಯಲೇ ಇಲ್ಲ. ಫ್ರೀಜರ್ ತೆಗೆದೆ, ಎಲ್ಲ ಕಲ್ಲಿನಂತಿತ್ತು. ಬಟಾಣಿಯೂ ಕಲ್ಲೇ. ಇಡೀ ಪ್ಯಾಕೆಟ್ ಒಂದು ಇಟ್ಟಿಗೆಯಾಗಿತ್ತು, ಕೆಳಗೆ ಹಸಿರು ಬಣ್ಣದ ಐಸಿನ ಹಾಳೆ. ತಾರೀಖು ನೋಡಿದೆ, ಆರು ತಿಂಗಳಿದೆ. ಕಟ್ಟೆಗೆ ಕುಟ್ಟಿ ಒಡೆದು, ಸ್ವಲ್ಪ ಬಿಸಿ ಮಾಡಿ ಬಡಿಸಿಬಿಟ್ಟೆ. ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಬಟಾಣಿಯಿಂದಲೇ ಅಂತ ಸಾಬೀತು ಮಾಡಲಾಗದು. ಆದರೆ ಅವತ್ತು ಬಟಾಣಿ ಮುಟ್ಟದ ನಮ್ಮ ಅತ್ತೆಯವರು ಮಾತ್ರ ಆರಾಮಾಗಿದ್ದರು. ಅದನ್ನು ಇವತ್ತಿಗೂ ನೆನಪಿಸುತ್ತಾರೆ.

ಹಾಗಾಗಿ ಪ್ಯಾಕೆಟ್ ಅಲ್ಲಾಡಿಸಿ. ಬಟಾಣಿ, ಕಾರ್ನ್, ಕ್ಯಾರೆಟ್ ತುಂಡುಗಳನ್ನು ಒಂದೊಂದಾಗಿ, ಬಹಳ ಬೇಗ ಫ್ರೀಜ್ ಮಾಡಿರುತ್ತಾರೆ. ಚೀಲದಲ್ಲಿ ಗೋಲಿ ಸದ್ದಾದಂತೆ ಸದ್ದಾಗಬೇಕು. ಅಲ್ಲೊಂದು ಇಲ್ಲೊಂದು ಗಂಟು ಇದ್ದು ಕೈಯಲ್ಲಿ ಒತ್ತಿದರೆ ಬಿಡಿಸಿಕೊಂಡರೆ ಚಿಂತೆಯಿಲ್ಲ. ಇಡೀ ಪ್ಯಾಕೆಟ್ ಒಂದೇ ಮುದ್ದೆಯಾಗಿ, ಒಂದು ಮೂಲೆಯಲ್ಲಿ ಐಸ್ ಶೇಖರವಾಗಿದ್ದರೆ ಅದು ಕರಗಿ ಮತ್ತೆ ಗಟ್ಟಿಯಾಗಿದೆ. ಮನೆಯ ಫ್ರೀಜರ್ ನಿಧಾನ. ನಿಧಾನವಾಗಿ ಗಟ್ಟಿಯಾದರೆ ಐಸಿನ ಹರಳು ದೊಡ್ಡದಾಗಿ ತರಕಾರಿಯ ಒಳಗನ್ನೇ ಹರಿದುಹಾಕುತ್ತದೆ. ಬೇಯಿಸಿದಾಗ ಪಿಚಪಿಚ ಅನ್ನುವುದು ಅದಕ್ಕೇ. ಹೆಚ್ಚಿದ ಪಾಲಕ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದು ಅಂಗಡಿಗೆ ಬರುವಾಗಲೇ ಇಟ್ಟಿಗೆ.

"ಚೆನ್ನಾಗಿ ಕುದಿಸಿದರೆ ಆಯ್ತಲ್ವಾ?" ಅಂತ ಕೇಳುತ್ತೀರಿ. ಪೂರ್ತಿ ಆಗುವುದಿಲ್ಲ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಆದರೆ ಬೆಚ್ಚಗಿದ್ದ ಹೊತ್ತಿನಲ್ಲಿ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಗೂ ಬಗ್ಗುವುದಿಲ್ಲ.

ಊರು ಬಿಡುವ ಮುನ್ನ ನಾವೀಗ ಮಾಡುವುದು ಇಷ್ಟು. ಒಂದು ಲೋಟದಲ್ಲಿ ನೀರು ಗಟ್ಟಿ ಮಾಡಿ, ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲಿಡುತ್ತೇವೆ. ಬಂದಾಗ ನಾಣ್ಯ ಮೇಲೇ ಇದ್ದರೆ ಎಲ್ಲ ಸರಿ. ತಳದಲ್ಲಿದ್ದರೆ ಲೋಟ ಪೂರ್ತಿ ಕರಗಿತ್ತು ಅಂತ. ಆಗ ತಾರೀಖು ನೋಡಬೇಡಿ, ಎಸೆಯಿರಿ. ಅನ್ನ ಬಿಸಾಡಬಾರದು ಅಂತ ಬೆಳೆದವರು ನಾವು, ಕೈ ಬರುವುದಿಲ್ಲ, ಗೊತ್ತು. ಆದರೂ ಎಸೆಯಿರಿ.

ಕರೆಂಟ್ ಹೋದರೆ

ಬಾಗಿಲು ತೆಗೆಯಬೇಡಿ.
ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ.
ಕರೆಂಟ್ ಬಂದಾಗ ಒಳಗೆ ಐಸಿನ ಹರಳು ಉಳಿದಿದ್ದರೆ, ಅಥವಾ 4 ಡಿಗ್ರಿ ಸೆಲ್ಸಿಯಸ್ ದಾಟಿಲ್ಲದಿದ್ದರೆ, ಮತ್ತೆ ಫ್ರೀಜ್ ಮಾಡಬಹುದು. ರುಚಿ ಕಡಿಮೆಯಾಗುತ್ತದೆ.
4 ಡಿಗ್ರಿಗಿಂತ ಬೆಚ್ಚಗೆ ಎರಡು ಗಂಟೆಗಿಂತ ಜಾಸ್ತಿ ಇದ್ದದ್ದು ಕಸಕ್ಕೆ.
ರುಚಿ ನೋಡಿ ತೀರ್ಮಾನಿಸಬೇಡಿ.

ಹಸಿಯಾಗಿ ಬಾಯಿಗೆ ಹಾಕಬೇಡಿ

ಮಕ್ಕಳಿಗೆ ಕಾರ್ನ್, ಬಟಾಣಿ ಪ್ಯಾಕೆಟ್ಟಿನಿಂದಲೇ ಹಿಡಿ ತುಂಬ ಕೊಡುವವರು ಇದ್ದಾರೆ. ಸಲಾಡ್‌ಗೆ ಕರಗಿಸಿ ಹಾಕುವವರೂ ಇದ್ದಾರೆ. ಬೇಡ. ಪ್ಯಾಕೆಟ್ ಹಿಂದೆ 'ಬೇಯಿಸಿ ತಿನ್ನಿ' ಅಂತ ಬರೆದಿರುವುದು ಸುಮ್ನೆ ಅಲ್ಲ. 2015ರಿಂದ 2018ರವರೆಗೆ ಯುರೋಪಿನ 5 ದೇಶಗಳಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು 47 ಜನರಿಗೆ ತಗುಲಿ 9 ಜನ ತೀರಿಕೊಂಡರು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಫ್ರೋಜನ್ ಕಾರ್ನ್. ತಾರೀಖು ದಾಟಿದೆಯಾ ಇಲ್ಲವಾ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಲಿಸ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುವ ಜಾತಿ. ಕರಗಿಸಿ ಎರಡು ದಿನ ಫ್ರಿಜ್ಜಿನಲ್ಲಿಟ್ಟರೆ ಅದಕ್ಕೆ ಹಬ್ಬ. ಬಸುರಿಯರು, ಎಳೆ ಮಕ್ಕಳು, ವಯಸ್ಸಾದವರು ಇರುವ ಮನೆಗಳಲ್ಲಿ ಈ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಒಳಗೆಲ್ಲ 74 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟುವಂತೆ, ಹಬೆಯಾಡುವಂತೆ ಬೇಯಿಸಿ.

ಕರಗಿಸಲು ಕಟ್ಟೆಯ ಮೇಲೆ ಬೆಳಿಗ್ಗೆಯಿಂದ ಇಡುವುದನ್ನೂ ಬಿಡಿ. ತರಕಾರಿಗೆ ಕರಗಿಸುವ ಅಗತ್ಯವೇ ಇಲ್ಲ. ಬೇಕಾದಷ್ಟು ಸುರಿದುಕೊಂಡು ನೇರ ಬಾಣಲೆಗೆ. ಉಳಿದದ್ದನ್ನು ಗಾಳಿ ಒತ್ತಿ ತೆಗೆದು, ಕ್ಲಿಪ್ ಹಾಕಿ ತಕ್ಷಣ ಒಳಗಿಡಿ. ಬಾಗಿಲ ಬದಿಯ ಅರೆಯಲ್ಲಿ ಬೇಡ, ತೆಗೆದು ಹಾಕುವಾಗ ಮೊದಲು ಬೆಚ್ಚಗಾಗುವುದು ಅದೇ.

ಮನೆಯಲ್ಲೇ ಫ್ರೀಜ್ ಮಾಡಿದ್ದು

ಅಗ್ಗ ಸಿಕ್ಕಿತು ಅಂತ ಮೂಟೆ ತಂದು ಹಸಿಯಾಗೇ ಕವರಿಗೆ ತುಂಬಬೇಡಿ. ಕುದಿವ ನೀರಿಗೆ ಬೀನ್ಸ್, ಹೂಕೋಸು 3 ನಿಮಿಷ, ಬಟಾಣಿ ಒಂದೂವರೆ ನಿಮಿಷ. ಅಷ್ಟೇ ಹೊತ್ತು ಐಸ್ ನೀರಿನಲ್ಲಿ. ನೀರು ಪೂರ್ತಿ ಬಸಿದು, ತಟ್ಟೆಯಲ್ಲಿ ಹರಡಿ ಗಟ್ಟಿ ಮಾಡಿ, ಆಮೇಲೆ ಕವರು. 8ರಿಂದ 12 ತಿಂಗಳು ಚೆನ್ನಾಗಿರುತ್ತದೆ. ಸೌತೆಕಾಯಿ ಮಾತ್ರ ಇಡಬೇಡಿ, ಬರೀ ನೀರು.

ಮೇಲೆ ಹೆಸರು, ತಾರೀಖು ಬರೆಯಿರಿ. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, 08/03ರ ಪಜೀತಿ ಮನೆಯೊಳಗೂ ಬೇಡ. ನೆನಪಿರುತ್ತದೆ ಅನ್ನಬೇಡಿ. ನಮ್ಮ ಮನೆಯಲ್ಲಿ ಹೆಸರಿಲ್ಲದ ಒಂದು ಕವರನ್ನು ಬೀನ್ಸ್ ಅಂತ ಬಾಣಲೆಗೆ ಹಾಕಿದ್ದೆವು. ಬಿಸಿ ತಾಗಿ ಲೋಳೆ ಬಿಟ್ಟ ಮೇಲೆ ಗೊತ್ತಾಯಿತು, ಬೆಂಡೆಕಾಯಿ ಅಂತ. ಈಗ ಫ್ರೀಜರ್ ಹಿಡಿಗೆ ದಾರ ಕಟ್ಟಿ ಮಾರ್ಕರ್ ಪೆನ್ ನೇತುಹಾಕಿದ್ದೇವೆ.